ಅಯೋವಾದ ಹಳ್ಳಿ ಶಾಲೆ: ನಡೆಸುವವರು ಯಾರು, ದುಡ್ಡು ಬರುವುದೆಲ್ಲಿಂದ

“ಹೊಸ ಜಿಮ್ ಕಟ್ಟುತ್ತಿದ್ದಾರೆ, ಆದರೆ ಸಂಗೀತದ ಟೀಚರ್ ಕೆಲಸ ತೆಗೆದಿದ್ದಾರೆ. ಇದೆಂಥ ಆಡಳಿತ?” ಅಮೆರಿಕದ ಅಯೋವಾ ರಾಜ್ಯದ ಸಣ್ಣ ಊರಿಗೆ ಬಂದ ಮೊದಲ ವರ್ಷ ನಮ್ಮ ಕನ್ನಡಿಗರು ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಗೊತ್ತಾದರೆ ಇಲ್ಲಿನ ಶಾಲೆಯ ಅರ್ಧ ವ್ಯವಹಾರ ಗೊತ್ತಾದಂತೆ. ಡಿ ಮೊಯ್ನ್, ಸೀಡರ್ ರ‍್ಯಾಪಿಡ್ಸ್‌ನಂಥ ನಗರಗಳಲ್ಲಿ ಇರುವವರಿಗಿಂತ, ಜೆ-1 ವೀಸಾ ವಿನಾಯಿತಿಯ (ತರಬೇತಿ ಮುಗಿಸಿ ಸ್ವದೇಶಕ್ಕೆ ಮರಳಬೇಕೆಂಬ ನಿಯಮದಿಂದ ಸಿಗುವ ಬಿಡುಗಡೆ) ಮೇಲೆ ಹಳ್ಳಿ ಆಸ್ಪತ್ರೆಗೆ ಬಂದ ಡಾಕ್ಟರುಗಳಿಗೆ, ಕೃಷಿಯಂತ್ರದ ಕಾರ್ಖಾನೆಗಳಿಗೆ ಬಂದ ಎಂಜಿನಿಯರುಗಳಿಗೆ ಈ ಮಾರ್ಗದರ್ಶಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಳ್ಳಿಯಲ್ಲಿ ಆರಿಸಿಕೊಳ್ಳಲು ನಾಲ್ಕು ಶಾಲೆ ಇರುವುದಿಲ್ಲ. ಇರುವುದು ಒಂದೇ. ಹಾಗಾಗಿ ಅದು ಹೇಗೆ ನಡೆಯುತ್ತದೆ ಎಂಬುದು ನಿಮ್ಮ ಮಕ್ಕಳ ಮಟ್ಟಿಗೆ ದೊಡ್ಡ ವಿಷಯ.

ಮನೆ ಹಿಡಿಯುವ ಮೊದಲು

ಇಲ್ಲಿ ‘ಡಿಸ್ಟ್ರಿಕ್ಟ್’ ಎಂದರೆ ನಮ್ಮ ಜಿಲ್ಲೆಯಲ್ಲ. ಶಾಲೆ ನಡೆಸುವುದಕ್ಕೆಂದೇ ಇರುವ, ಸ್ವಂತ ತೆರಿಗೆ ಹಾಕುವ ಅಧಿಕಾರವುಳ್ಳ ಪ್ರತ್ಯೇಕ ಸಂಸ್ಥೆ ಅದು. ಅಯೋವಾದಲ್ಲಿ ಇಂಥವು ಸುಮಾರು 325 ಇವೆ. ಇವುಗಳ ಗಡಿ ಊರಿನ ಗಡಿಯನ್ನಾಗಲಿ ಕೌಂಟಿಯ ಗಡಿಯನ್ನಾಗಲಿ ಅನುಸರಿಸುವುದಿಲ್ಲ. ಅಂಚೆ ವಿಳಾಸದಲ್ಲಿ ಒಂದು ಊರಿನ ಹೆಸರಿದ್ದು, ಮನೆ ಪಕ್ಕದೂರಿನ ಡಿಸ್ಟ್ರಿಕ್ಟಿಗೆ ಸೇರಿರುವುದು ಸಾಮಾನ್ಯ. ಬಾಡಿಗೆ ಜಾಹೀರಾತನ್ನು ನಂಬಬೇಡಿ. ಲೀಸ್‌ಗೆ ಸಹಿ ಹಾಕುವ ಮುಂಚೆ ಕೌಂಟಿಯ ಆಸ್ತಿ ದಾಖಲೆಯಲ್ಲಿ ಆ ವಿಳಾಸ ಹಾಕಿ, ಯಾವ ಡಿಸ್ಟ್ರಿಕ್ಟಿಗೆ ತೆರಿಗೆ ಹೋಗುತ್ತಿದೆ ಎಂದು ನೋಡಿ. ಇನ್ನೊಂದು ವಿಷಯವನ್ನೂ ವಿಚಾರಿಸಿ: ಮಕ್ಕಳು ಕಡಿಮೆಯಾದ ಎಷ್ಟೋ ಡಿಸ್ಟ್ರಿಕ್ಟುಗಳು ಹೈಸ್ಕೂಲನ್ನು ನೆರೆಯವರಿಗೆ ಬಿಟ್ಟುಕೊಟ್ಟಿವೆ. ಇದಕ್ಕೆ ‘ಹೋಲ್ ಗ್ರೇಡ್ ಶೇರಿಂಗ್’ ಎನ್ನುತ್ತಾರೆ. ಮೂರನೇ ತರಗತಿಯ ಮಗುವಿಗೆ ಶಾಲೆ ಮನೆಯ ಎದುರೇ ಇರಬಹುದು, ಒಂಬತ್ತನೆಯ ತರಗತಿಯ ಅಣ್ಣ ಪಕ್ಕದೂರಿಗೆ ಹೋಗಬೇಕಾಗಬಹುದು.

ಯಜಮಾನರು ಯಾರು

ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳ, ವರ್ಗಾವಣೆ ಎಲ್ಲ ಇಲಾಖೆಯ ಕೈಯಲ್ಲಿ. ಬಿಇಒ ಮೇಲಿನಿಂದ ನೇಮಕವಾಗಿ ಬರುತ್ತಾರೆ, ಎಸ್‌ಡಿಎಂಸಿಯ ಕೈಯಲ್ಲಿರುವ ಅಧಿಕಾರ ಸೀಮಿತ. ಇಲ್ಲಿ ತಿರುವುಮುರುವು. ಊರಿನವರೇ ಆರಿಸಿದ ಐದು ಅಥವಾ ಏಳು ಜನರ ಬೋರ್ಡು ಡಿಸ್ಟ್ರಿಕ್ಟಿನ ಮುಖ್ಯ ಅಧಿಕಾರಿಯಾದ ಸೂಪರಿಂಟೆಂಡೆಂಟರನ್ನು ನೇಮಿಸುತ್ತದೆ, ಬಜೆಟ್ ಒಪ್ಪುತ್ತದೆ, ಟೀಚರುಗಳ ಕರಾರಿಗೆ ಸಹಿ ಹಾಕುತ್ತದೆ. ಸದಸ್ಯರ ಅವಧಿ ನಾಲ್ಕು ವರ್ಷ, ಸಂಬಳವಿಲ್ಲ. ಚುನಾವಣೆ ಬೆಸ ಸಂಖ್ಯೆಯ ವರ್ಷಗಳ ನವೆಂಬರಿನಲ್ಲಿ. ಸದಸ್ಯರು ಸಾಮಾನ್ಯವಾಗಿ ನಿಮ್ಮ ಬೀದಿಯ ರೈತರು, ನರ್ಸುಗಳು, ಬ್ಯಾಂಕಿನವರು. ಸಣ್ಣ ಊರುಗಳಲ್ಲಿ ಒಬ್ಬರೇ ಸೂಪರಿಂಟೆಂಡೆಂಟ್ ಎರಡು ಡಿಸ್ಟ್ರಿಕ್ಟ್ ನೋಡಿಕೊಳ್ಳುವುದೂ ಉಂಟು. ಹಾಗೆ ಹಂಚಿಕೊಂಡರೆ ರಾಜ್ಯ ಸ್ವಲ್ಪ ಹೆಚ್ಚಿನ ಹಣ ಕೊಡುತ್ತದೆ.

ಮಾತಿನ ಥೆರಪಿ, ಕಲಿಕೆಯ ತೊಂದರೆಯ ಪರೀಕ್ಷೆಗಳಂಥ ಕೆಲಸಕ್ಕೆ ಸಣ್ಣ ಶಾಲೆಗಳಲ್ಲಿ ಸ್ವಂತ ಪರಿಣತರು ಇರುವುದು ಅಪರೂಪ. ಅವರನ್ನು ಕಳಿಸುವುದು ಎಇಎ ಎಂಬ ಪ್ರಾದೇಶಿಕ ಸಂಸ್ಥೆ. ರಾಜ್ಯದಲ್ಲಿ ಅಂಥವು ಒಂಬತ್ತಿವೆ. ಮಗುವಿನ ಬಗ್ಗೆ ಸಂದೇಹವಿದ್ದರೆ ಶಾಲೆಗೆ ಬರಹದಲ್ಲಿ ಕೇಳಿ, ತಾರೀಖು ಹಾಕಿ.

ದುಡ್ಡಿನ ಡಬ್ಬಿಗಳು

ಹಾಲಿನ ದುಡ್ಡು ಸಾಸಿವೆ ಡಬ್ಬಿಯಲ್ಲಿ, ಹಬ್ಬದ ದುಡ್ಡು ಬೇಳೆ ಡಬ್ಬಿಯಲ್ಲಿ ಎತ್ತಿಡುವ ಮನೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು. ಇಲ್ಲಿ ಹಾಗೆ ಕೈಹಾಕಲು ಕಾನೂನು ಬಿಡುವುದಿಲ್ಲ.

ದೊಡ್ಡ ಡಬ್ಬಿ ಜನರಲ್ ಫಂಡ್. ಸಂಬಳ, ಪುಸ್ತಕ, ಕರೆಂಟು, ಬಸ್ಸಿನ ಡೀಸೆಲ್ ಎಲ್ಲ ಇದರಿಂದಲೇ. ಇದರಲ್ಲಿ ಹೆಚ್ಚಿನ ಪಾಲು ಸಂಬಳ ಮತ್ತು ವಿಮೆಗೆ ಹೋಗುತ್ತದೆ. ಕಟ್ಟಡದ ಡಬ್ಬಿ ಬೇರೆ. ಅಂಗಡಿಯಲ್ಲಿ ನೀವು ಕೊಡುವ 6% ರಾಜ್ಯ ಮಾರಾಟ ತೆರಿಗೆಯಲ್ಲಿ ಪ್ರತಿ ಡಾಲರಿಗೆ ಒಂದು ಸೆಂಟ್ ‘ಸೇವ್’ ಎಂಬ ನಿಧಿಗೆ ಹೋಗುತ್ತದೆ. ಅದು ಕಟ್ಟಡ, ಛಾವಣಿ, ಕಂಪ್ಯೂಟರಿನಂಥ ವಸ್ತುಗಳಿಗೆ. ಇದರ ಜೊತೆಗೆ ಪಿಪಿಇಎಲ್ ಎಂಬ ಆಸ್ತಿ ತೆರಿಗೆ ಇದೆ. ತೆರಿಗೆಗೆ ಬರುವ ಪ್ರತಿ 1,000 ಡಾಲರ್ ಮೌಲ್ಯಕ್ಕೆ 33 ಸೆಂಟಿನವರೆಗೆ ಬೋರ್ಡೇ ಹಾಕಬಹುದು, ಮತದಾರರು ಒಪ್ಪಿದರೆ ಇನ್ನೂ 1.34 ಡಾಲರಿನವರೆಗೆ. ಮ್ಯಾನೇಜ್‌ಮೆಂಟ್ ಲೆವಿ ಎಂಬುದು ಕಟ್ಟಡದ ವಿಮೆಯಂಥ ಖರ್ಚಿಗೆ. ಊಟದ ಖಾತೆ ಬೇರೆ, ಆಟೋಟದ ಟಿಕೆಟ್ ದುಡ್ಡಿನ ಖಾತೆ ಬೇರೆ.

ಹಳದಿ ಬಸ್ಸನ್ನೇ ನೋಡಿ. ಬಸ್ಸು ಕೊಳ್ಳಲು ಪಿಪಿಇಎಲ್ ಹಣ ಬಳಸಬಹುದು. ಅದೇ ಬಸ್ಸಿಗೆ ಹಾಕುವ ಡೀಸೆಲ್, ಓಡಿಸುವವರ ಕೂಲಿ ಎರಡೂ ಜನರಲ್ ಫಂಡಿನದು, ಅಂದರೆ ಟೀಚರ್ ಸಂಬಳದ ಡಬ್ಬಿಯದು. ಹೊಲಗಳ ನಡುವೆ ಹರಡಿಕೊಂಡ ಡಿಸ್ಟ್ರಿಕ್ಟಿಗೆ ಇದೇ ದೊಡ್ಡ ಪೆಟ್ಟು. ಹೊಸ ಬಸ್ಸು ನಿಂತಿದ್ದರೂ ರೂಟ್ ಕಡಿತವಾಗುವುದು ಹೀಗೆ. ಮೇಲಿನ ಜಿಮ್ ಪ್ರಶ್ನೆಗೂ ಉತ್ತರ ಇದೇ: ಜಿಮ್ಮಿನ ದುಡ್ಡಿನಿಂದ ಸಂಗೀತದ ಟೀಚರಿಗೆ ಸಂಬಳ ಕೊಡುವುದು ಕಾನೂನಿಗೆ ವಿರುದ್ಧ. ಆದ್ದರಿಂದ ಬೋರ್ಡಿನ ಮುಂದೆ ಏನನ್ನಾದರೂ ಕೇಳುವಾಗ “ಇದು ಯಾವ ಫಂಡಿನಿಂದ?” ಎಂದು ಮೊದಲು ಕೇಳಿ. ಆ ಒಂದು ಪ್ರಶ್ನೆ ಕೇಳಿದವರ ಮಾತಿಗೆ ತೂಕ ಬರುತ್ತದೆ.

ತಲೆ ಎಣಿಕೆ

ಜನರಲ್ ಫಂಡಿನ ಗಾತ್ರ ನಿಂತಿರುವುದು ಮಕ್ಕಳ ಸಂಖ್ಯೆಯ ಮೇಲೆ. ಪ್ರತಿ ವರ್ಷ ಅಕ್ಟೋಬರ್ 1ರ ಸುಮಾರಿಗೆ ಡಿಸ್ಟ್ರಿಕ್ಟು ತನ್ನ ಮಕ್ಕಳನ್ನು ಎಣಿಸಿ ರಾಜ್ಯಕ್ಕೆ ವರದಿ ಕೊಡುತ್ತದೆ. ಆ ಸಂಖ್ಯೆಯನ್ನು ರಾಜ್ಯ ನಿಗದಿ ಮಾಡಿದ ತಲಾ ಮೊತ್ತದಿಂದ ಗುಣಿಸುತ್ತಾರೆ. 2024-25ರಲ್ಲಿ ಆ ಮೊತ್ತ 7,826 ಡಾಲರ್ ಇತ್ತು. 600 ಮಕ್ಕಳಿದ್ದರೆ 46,95,600 ಡಾಲರ್. 20 ಮಕ್ಕಳು ಕಡಿಮೆಯಾದರೆ 1,56,520 ಡಾಲರ್ ಹೋಯಿತು. ಟೀಚರ್‌ಗೆ ರಾಜ್ಯದ ಕನಿಷ್ಠ ಸಂಬಳವೇ 2025-26ರಿಂದ 50,000 ಡಾಲರ್, ವಿಮೆ, ಪಿಂಚಣಿ ಬೇರೆ. ಅಂದರೆ ಎರಡು ಕೆಲಸದಷ್ಟು ಹಣ ಹೋದಂತೆ. ಆದರೆ ಆ 20 ಮಕ್ಕಳು ಒಂದೇ ತರಗತಿಯಿಂದ ಹೋಗಿರುವುದಿಲ್ಲ. ಕಿಂಡರ್‌ಗಾರ್ಟನ್‌ನಿಂದ ಹನ್ನೆರಡರವರೆಗೆ ಅಲ್ಲೊಂದು ಇಲ್ಲೆರಡು. ಯಾವ ತರಗತಿಯನ್ನೂ ಮುಚ್ಚುವಂತಿಲ್ಲ, ಯಾವ ಬಸ್ಸನ್ನೂ ನಿಲ್ಲಿಸುವಂತಿಲ್ಲ. ಹಾಗಾಗಿ ಕತ್ತರಿ ಬೀಳುವುದು ಸಂಗೀತ, ಚಿತ್ರಕಲೆ, ಸ್ಪ್ಯಾನಿಷ್ ಮೇಲೆ. ಒಮ್ಮೆಲೇ ಕುಸಿಯದಂತೆ ‘ಬಜೆಟ್ ಗ್ಯಾರಂಟಿ’ ಎಂಬ ಆಸರೆ ಇದೆ: ಹಿಂದಿನ ವರ್ಷದ 101% ಮೊತ್ತದವರೆಗೆ ಆ ವರ್ಷಕ್ಕೆ ತುಂಬಿಕೊಡಬಹುದು, ಆದರೆ ಅದು ಪೂರ್ತಿ ಆಸ್ತಿ ತೆರಿಗೆಯಿಂದ.

ಈ ಅಕ್ಟೋಬರಿನ ಎಣಿಕೆಯ ಹಣ ಬರುವುದು ಮುಂದಿನ ಜುಲೈ 1ರಿಂದ ಶುರುವಾಗುವ ವರ್ಷಕ್ಕೆ. ನೀವು ನವೆಂಬರಿನಲ್ಲಿ ಬಂದರೆ ನಿಮ್ಮ ಮಗು ಆ ವರ್ಷದ ಎಣಿಕೆಯಲ್ಲಿಲ್ಲ. ಶಾಲೆ ಸಂತೋಷದಿಂದಲೇ ಸೇರಿಸಿಕೊಳ್ಳುತ್ತದೆ, ಆದರೆ ಆ ಮಗುವಿನ ಹಣ ಕೈಸೇರಲು ಒಂದೂವರೆ ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ದಸರೆಗೆ ಊರಿಗೆ ಹೋಗುವವರು ದಾಖಲಾತಿ ರದ್ದು ಮಾಡಿಸಿ ಹೋಗಬೇಡಿ. ರಜೆ ಎಂದು ಬರೆದುಕೊಟ್ಟು ಹೋಗಿ.

ಬೆಲೆಬಾಳುವ ಹೊಲಗಳಿರುವ ಡಿಸ್ಟ್ರಿಕ್ಟು ಶ್ರೀಮಂತ ಎಂದುಕೊಂಡರೆ ತಪ್ಪು. ಎಲ್ಲ ಡಿಸ್ಟ್ರಿಕ್ಟುಗಳೂ ಮೊದಲು ಪ್ರತಿ 1,000 ಡಾಲರ್ ತೆರಿಗೆ ಮೌಲ್ಯಕ್ಕೆ 5.40 ಡಾಲರ್ ವಸೂಲಿ ಮಾಡುತ್ತವೆ. ತಲಾ ಮೊತ್ತದ 88.4%ರವರೆಗೆ ಕಡಿಮೆ ಬಿದ್ದದ್ದನ್ನು ರಾಜ್ಯ ತುಂಬುತ್ತದೆ. ಉಳಿದದ್ದು ಮತ್ತೆ ಆಸ್ತಿ ತೆರಿಗೆ. ಹೊಲ ಹೆಚ್ಚಿದ್ದರೆ ರಾಜ್ಯದ ಪಾಲು ಕಡಿಮೆಯಾಗುತ್ತದೆ, ಅಷ್ಟೆ. ಮಗುವಿನ ತಲೆಗೆ ಸಿಗುವುದು ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಖರ್ಚು ಮಾಡಲು ಮೇಲ್ಮಿತಿಯೂ ಇದೆ. ಬ್ಯಾಂಕಿನಲ್ಲಿ ಹಣವಿದ್ದರೂ ಆ ಮಿತಿ ದಾಟುವಂತಿಲ್ಲ.

ನಿಮ್ಮ ಜೇಬಿನಿಂದ

ಮನೆ ಕೊಂಡವರ ಲೆಕ್ಕ ಹೀಗೆ. 2,50,000 ಡಾಲರಿನ ಮನೆಗೆ ಪೂರ್ತಿ ಮೌಲ್ಯದ ಮೇಲೆ ತೆರಿಗೆಯಿಲ್ಲ. ‘ರೋಲ್‌ಬ್ಯಾಕ್’ (ತೆರಿಗೆಗೆ ಬರುವ ಮೌಲ್ಯವನ್ನು ಇಳಿಸುವ ರಾಜ್ಯದ ನಿಯಮ) ಕಳೆದು ಸುಮಾರು 47% ಹಿಡಿದರೆ 1,17,500 ಡಾಲರ್ ಆಗುತ್ತದೆ. ಅದರ ಮೇಲೆ 5.40ರ ದರದಲ್ಲಿ ಸುಮಾರು 635 ಡಾಲರ್. ದರ ಒಂದು ಡಾಲರ್ ಏರಿದರೆ ವರ್ಷಕ್ಕೆ 117.50 ಹೆಚ್ಚು. ತೆರಿಗೆ ಕಟ್ಟುವುದು ಸೆಪ್ಟೆಂಬರ್ ಮತ್ತು ಮಾರ್ಚಿನಲ್ಲಿ, ಎರಡು ಕಂತು.

ಬಾಡಿಗೆಯವರಿಗೂ ಒಂದು ಪಾಲಿದೆ, ಅದು ಅನೇಕರ ಗಮನಕ್ಕೆ ಬರುವುದಿಲ್ಲ. ಹಲವು ಹಳ್ಳಿ ಡಿಸ್ಟ್ರಿಕ್ಟುಗಳು ರಾಜ್ಯದ ಆದಾಯ ತೆರಿಗೆಯ ಮೇಲೆ ಸರ್‌ಟ್ಯಾಕ್ಸ್ ಹಾಕುತ್ತವೆ. ಇದು ಆದಾಯದ ಮೇಲಲ್ಲ, ಕಟ್ಟುವ ತೆರಿಗೆಯ ಮೇಲೆ. ರಾಜ್ಯ ತೆರಿಗೆ 4,000 ಡಾಲರ್, ಸರ್‌ಟ್ಯಾಕ್ಸ್ 6% ಇದ್ದರೆ 240 ಡಾಲರ್. ಅಯೋವಾ ರಿಟರ್ನಿನಲ್ಲಿ ಶಾಲಾ ಡಿಸ್ಟ್ರಿಕ್ಟಿನ ನಾಲ್ಕಂಕಿಯ ಸಂಖ್ಯೆ ಕೇಳುವುದು ಇದಕ್ಕೇ. ಡಿಸೆಂಬರ್ 31ರಂದು ನೀವು ವಾಸವಿದ್ದ ಡಿಸ್ಟ್ರಿಕ್ಟಿನ ಸಂಖ್ಯೆ ಹಾಕಬೇಕು. ಬೇರೆ ರಾಜ್ಯದ ಲೆಕ್ಕಿಗರು ತಪ್ಪು ಸಂಖ್ಯೆ ಹಾಕಿದರೆ ಆಮೇಲೆ ನೋಟಿಸ್ ಬರುತ್ತದೆ.

ದೊಡ್ಡ ಕಟ್ಟಡಕ್ಕೆ ಬಾಂಡ್ ಮೂಲಕ ಸಾಲ ಎತ್ತಬೇಕಾದರೆ ಚಲಾಯಿಸಿದ ಮತಗಳಲ್ಲಿ 60% ಪರವಾಗಿರಬೇಕು. 58% ಬಂದರೂ ಸೋಲೇ. ಹೊಲದ ಮೇಲಿನ ತೆರಿಗೆ ಏರುತ್ತದೆಂದು ರೈತರು ಹಿಂಜರಿಯುವುದು ಸಹಜ. ಅವರನ್ನು ಶಾಲೆಯ ಶತ್ರುಗಳೆಂದು ಕಾಣುವುದು ಅನ್ಯಾಯ.

ಸೇರಿಸುವಾಗ

ಸೆಪ್ಟೆಂಬರ್ 15ಕ್ಕೆ ಐದು ತುಂಬಿದ್ದರೆ ಕಿಂಡರ್‌ಗಾರ್ಟನ್. ಅದೇ ದಿನಕ್ಕೆ ನಾಲ್ಕು ತುಂಬಿದ್ದರೆ ಹೆಚ್ಚಿನ ಡಿಸ್ಟ್ರಿಕ್ಟುಗಳಲ್ಲಿ ವಾರಕ್ಕೆ ಕನಿಷ್ಠ 10 ಗಂಟೆಯ ಉಚಿತ ಪ್ರಿಸ್ಕೂಲ್ ಇದೆ. ಜನನ ದಾಖಲೆ, ವಿಳಾಸದ ಪುರಾವೆ, ಅಯೋವಾದ ನಮೂನೆಯಲ್ಲಿ ಬರೆಸಿದ ಲಸಿಕೆ ಪತ್ರ ಬೇಕು. ಊರಿನ ಲಸಿಕೆ ಪುಸ್ತಕವನ್ನು ಕ್ಲಿನಿಕ್ಕಿಗೆ ಒಯ್ದು ಆ ನಮೂನೆಗೆ ಬರೆಸಿಕೊಳ್ಳಿ. ಕಿಂಡರ್‌ಗಾರ್ಟನ್‌ಗೆ ಹಲ್ಲು, ಕಣ್ಣು, ರಕ್ತದ ಸೀಸ ಪರೀಕ್ಷೆಗಳೂ ಬೇಕು. ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲವೆಂದು, ವೀಸಾ ಯಾವುದೆಂದು ನೋಡಿ ಶಾಲೆ ನಿರಾಕರಿಸುವಂತಿಲ್ಲ.

“ಮನೆಯಲ್ಲಿ ಯಾವ ಭಾಷೆ?” ಎಂಬ ಫಾರಂನಲ್ಲಿ ಧೈರ್ಯವಾಗಿ ಕನ್ನಡ ಎಂದು ಬರೆಯಿರಿ. ಮಗುವನ್ನು ಹಿಂದೆ ಹಾಕುತ್ತಾರೆಂಬ ಭಯದಿಂದ ಇಂಗ್ಲಿಷ್ ಎಂದು ಬರೆಯುವವರಿದ್ದಾರೆ, ಅದು ಬೇಡ. ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಸಹಾಯ ಬೇಕೆಂದು ಕಂಡರೆ ಆ ಮಗುವಿಗಾಗಿ ಶಾಲೆಗೆ ಐದು ವರ್ಷದವರೆಗೆ ಹೆಚ್ಚುವರಿ ಹಣ ಬರುತ್ತದೆ. ವಿಶೇಷ ತರಗತಿ ಬೇಡವೆನ್ನುವ ಹಕ್ಕು ನಿಮಗೆ ಇದ್ದೇ ಇದೆ.

ಎಲಿಮೆಂಟರಿ ಮಕ್ಕಳ ಮನೆ ಶಾಲೆಯಿಂದ ಎರಡು ಮೈಲಿಗಿಂತ ದೂರ, ಹೈಸ್ಕೂಲಿನವರದು ಮೂರು ಮೈಲಿಗಿಂತ ದೂರವಿದ್ದರೆ ಬಸ್ಸಿನ ಹಕ್ಕಿದೆ. ಪುಸ್ತಕದ ಶುಲ್ಕ ಇರುತ್ತದೆ. ಉಚಿತ ಊಟಕ್ಕೆ ಅರ್ಹರಾದವರಿಗೆ ಅದು ಪೂರ್ತಿ ಮಾಫಿ, ಆದರೆ ಅರ್ಜಿ ಹಾಕಬೇಕು.

ಊರಿಗೆ ಹೋಗುವವರು ಇದನ್ನು ಎರಡು ಸಲ ಓದಿ. 2024ರ ಕಾನೂನಿನ ಪ್ರಕಾರ ಒಂದು ಗ್ರೇಡಿಂಗ್ ಅವಧಿಯ 10% ದಿನ ತಪ್ಪಿದರೆ ಶಾಲೆ ಪಾಲಕರಿಗೂ ಕೌಂಟಿಯ ಸರ್ಕಾರಿ ವಕೀಲರಿಗೂ ತಿಳಿಸಬೇಕು. 15% ಆದರೆ ಸಭೆಗೆ ಕರೆಯುತ್ತಾರೆ. 20% ಆದರೆ ಟ್ರೂಅನ್ಸಿ, ಅಂದರೆ ಕಾನೂನಿನ ಕಣ್ಣಿನಲ್ಲಿ ಶಾಲೆ ತಪ್ಪಿಸಿದಂತೆ. 45 ದಿನದ ಕ್ವಾರ್ಟರ್ ಇರುವ ಶಾಲೆಯಲ್ಲಿ 10% ಎಂದರೆ ಐದೇ ದಿನ. ಟಿಕೆಟ್ ತೆಗೆಯುವ ಮೊದಲೇ ಪ್ರಿನ್ಸಿಪಾಲರ ಜೊತೆ ಮಾತಾಡಿ. ಮೂರು ವಾರದ ಮದುವೆ ಪ್ರಯಾಣವನ್ನು ಡಿಸೆಂಬರ್ ರಜೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು.

ಬೋರ್ಡಿನ ಮುಂದೆ

ಸಭೆ ಸಾರ್ವಜನಿಕ. ಕಾರ್ಯಸೂಚಿಯನ್ನು ಕನಿಷ್ಠ 24 ಗಂಟೆ ಮುಂಚೆ ಹಾಕಬೇಕು. ಸಾರ್ವಜನಿಕರ ಮಾತಿಗೆ ಸಮಯ ಇಟ್ಟಿದ್ದರೆ ಕೆಲವೇ ನಿಮಿಷ ಸಿಗುತ್ತದೆ. ಹೇಳುವುದನ್ನು ಬರೆದುಕೊಂಡು ಹೋಗಿ, ಟೀಚರ್ ಅಥವಾ ಮಗುವಿನ ಹೆಸರು ಎತ್ತಬೇಡಿ. ಸ್ವಂತ ದೂರಾದರೆ ಕ್ರಮ ಇದು: ಟೀಚರ್, ಪ್ರಿನ್ಸಿಪಾಲ್, ಸೂಪರಿಂಟೆಂಡೆಂಟ್, ಕೊನೆಗೆ ಬೋರ್ಡು. ನೇರವಾಗಿ ಬೋರ್ಡಿಗೆ ಹೋದರೆ ಹಿಂದಕ್ಕೆ ಕಳಿಸುತ್ತಾರೆ.

ಬಜೆಟ್ ಮಾತಿಗೆ ಕಾಲ ವಸಂತ. ಮಾರ್ಚಿನಲ್ಲಿ ಕೌಂಟಿಯಿಂದ ತೆರಿಗೆಯ ತಿಳಿವಳಿಕೆ ಪತ್ರ ಬರುತ್ತದೆ, ನಂತರ ವಿಚಾರಣೆಗಳು, ಏಪ್ರಿಲ್ 30ರೊಳಗೆ ಬಜೆಟ್ ಅಂತಿಮ. ಮೇ ತಿಂಗಳಲ್ಲಿ ಸಂಗೀತದ ತರಗತಿ ಹೋಯಿತೆಂದು ಗೋಳಾಡಿದರೆ ಪ್ರಯೋಜನ ಕಡಿಮೆ. ಜನವರಿ, ಫೆಬ್ರವರಿಯ ಸಭೆಗಳಿಗೇ ಹೋಗಿ.

ಎಚ್-1ಬಿ, ಜೆ-1, ಗ್ರೀನ್ ಕಾರ್ಡ್ ಇರುವವರಿಗೆ ಮತವಿಲ್ಲ. ಲೈಸೆನ್ಸ್ ಕಚೇರಿಯಲ್ಲಿ “ಮತದಾರರ ಪಟ್ಟಿಗೆ ಸೇರಿಸಲೇ?” ಎಂದರೆ ಬೇಡವೆನ್ನಿ. ತಪ್ಪಿ ಸಹಿ ಹಾಕಿದರೂ ಮುಂದೆ ಪೌರತ್ವಕ್ಕೆ ಅಡ್ಡಿಯಾಗಬಹುದು. ಆದರೆ ಶಾಲೆಯ ಸುಧಾರಣಾ ಸಲಹಾ ಸಮಿತಿಗೆ, ಪಾಲಕರು-ಟೀಚರುಗಳ ಸಂಘವಾದ ಪಿಟಿಒಗೆ, ಆಟೋಟದಂಥವಕ್ಕೆ ಹಣ ಕೂಡಿಸುವ ಬೂಸ್ಟರ್ ಕ್ಲಬ್ಬಿಗೆ ಪೌರತ್ವ ಬೇಕಿಲ್ಲ. ಸಲಹಾ ಸಮಿತಿಗೆ ಪಾಲಕರು ಸಿಗುವುದೇ ಕಷ್ಟ, ಸೂಪರಿಂಟೆಂಡೆಂಟರ ಕಚೇರಿಗೆ ಒಂದು ಫೋನ್ ಮಾಡಿ ಹೆಸರು ಕೊಟ್ಟರೆ ಸಾಕು.