ತುರ್ತು ನೆರವಿನ ಅರ್ಜಿ: ಹಣ ಖಾತೆಗೆ ಬೀಳುವವರೆಗೆ

ಕೊರೋನಾ ಶುರುವಾದಾಗಿನಿಂದ ಮುಂಬಯಿಯ ನಮ್ಮ ಕನ್ನಡಿಗರ ಕಾಲೇಜು ಮಕ್ಕಳ ನೆರವಿನ ಅರ್ಜಿಗಳನ್ನು ನೋಡುತ್ತ ಬಂದಿದ್ದೇನೆ. ಸಾಯನ್, ಭಾಂಡುಪ್, ಡೊಂಬಿವಲಿ, ಎಲ್ಲಿಂದ ಬಂದರೂ ತಪ್ಪುಗಳು ಹೆಚ್ಚುಕಡಿಮೆ ಒಂದೇ. ಅರ್ಹತೆ ಇಲ್ಲದೆ ಬಿದ್ದುಹೋದ ಅರ್ಜಿಗಳು ಕಡಿಮೆ. ಮಂಜೂರಾದ ಮೇಲೂ ಹಣ ಖಾತೆಗೆ ಸೇರದೆ ವಾಪಸು ಹೋದದ್ದೇ ಹೆಚ್ಚು. ಹಾಗಾಗಿ ಇಲ್ಲಿ ಬ್ಯಾಂಕಿನ ಭಾಗ ಉದ್ದವಾಗಿದೆ. ಅದನ್ನು ಹಾರಿಸಿ ಓದುವವರಿಗಾಗಿಯೇ ಅದನ್ನು ಬರೆದಿದ್ದೇನೆ.

ತುರ್ತು ನೆರವಿಗೂ ವಿದ್ಯಾರ್ಥಿವೇತನಕ್ಕೂ ಇರುವ ವ್ಯತ್ಯಾಸ ಮೊದಲು ತಿಳಿದಿರಲಿ. ವಿದ್ಯಾರ್ಥಿವೇತನ ಸಾಮಾನ್ಯವಾಗಿ ಅಂಕ ನೋಡುತ್ತದೆ, ವರ್ಷವರ್ಷ ಮುಂದುವರಿಯುತ್ತದೆ. ತುರ್ತು ನೆರವು ಒಮ್ಮೆ ಕೊಡುವಂಥದ್ದು, ಮರಳಿಸಬೇಕಿಲ್ಲ. ಮನೆಯಲ್ಲಿ ಈಗ ಏನಾಗಿದೆ ಎಂಬುದೇ ಅಲ್ಲಿ ಪ್ರಶ್ನೆ. ಅಮೆರಿಕ 2020ರ ಮಾರ್ಚ್‌ನ ಕೋವಿಡ್ ಪರಿಹಾರದ ಕೇರ್ಸ್ ಕಾಯ್ದೆಯಲ್ಲಿ 600 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ವಿದ್ಯಾರ್ಥಿಗಳ ಕೈಗೇ ಕೊಡಲು ಮೀಸಲಿಟ್ಟು ಕಾಲೇಜುಗಳ ಮೂಲಕ ಹಂಚಿತು. ನಮ್ಮಲ್ಲಿ ಅಂಥ ಒಂದೇ ಬಾಗಿಲಿಲ್ಲ. ಮೂರು ನಾಲ್ಕು ಬಾಗಿಲು ತಟ್ಟಬೇಕು, ಅದೂ ಒಟ್ಟಿಗೇ.

ಮೊದಲ ಹೆಜ್ಜೆ, ಎಲ್ಲಿ ಕೇಳುವುದು. ನಿಮ್ಮ ಕಾಲೇಜಿನಲ್ಲೇ ವಿದ್ಯಾರ್ಥಿ ಸಹಾಯ ನಿಧಿ ಇದೆಯೇ ಎಂದು ಪ್ರಾಂಶುಪಾಲರ ಕಚೇರಿಯಲ್ಲಿ ವಿಚಾರಿಸಿ. ಇದ್ದರೂ ಹಲವು ಕಡೆ ಅದನ್ನು ಫಲಕಕ್ಕೆ ಹಚ್ಚುವುದಿಲ್ಲ. ಎರಡನೆಯದು ಊರಿನ, ಸಮಾಜದ ಸಂಘಗಳು. ಸರಕಾರದ್ದು ಕೊನೆಗೆ, ಏಕೆಂದರೆ ಅದು ನಿಧಾನ. ಮಹಾರಾಷ್ಟ್ರ ಸರಕಾರದ ಮಹಾಡಿಬಿಟಿ ಪೋರ್ಟಲ್‌ನಲ್ಲಿ ರಾಜರ್ಷಿ ಶಾಹು ಮಹಾರಾಜರ ಹೆಸರಿನ ಶುಲ್ಕ ಯೋಜನೆಯಿದೆ, ಆದಾಯ ಮಿತಿ ವರ್ಷಕ್ಕೆ 8 ಲಕ್ಷ. ಆದರೆ ಮಹಾರಾಷ್ಟ್ರದ ಡೊಮಿಸೈಲ್ (ಕಾಯಂ ವಾಸದ ಪ್ರಮಾಣಪತ್ರ) ಬೇಕು, ಅದಕ್ಕೆ 15 ವರ್ಷದ ವಾಸ ತೋರಿಸಬೇಕು. ಉಡುಪಿಯಿಂದಲೋ ಕಲಬುರ್ಗಿಯಿಂದಲೋ ನಡುವೆ ಬಂದ ಕುಟುಂಬವಾದರೆ ಅದನ್ನು ನಂಬಿ ಕೂರಬೇಡಿ.

ಕೋವಿಡ್‌ನಿಂದ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡವರಿಗೆ ಬೇರೆ ದಾರಿಗಳಿವೆ. ತಾಂತ್ರಿಕ ಶಿಕ್ಷಣದ ಕೇಂದ್ರ ಸಂಸ್ಥೆ ಎಐಸಿಟಿಇ ಮಾನ್ಯತೆಯ ಕಾಲೇಜಿನಲ್ಲಿ ಡಿಪ್ಲೊಮಾ ಅಥವಾ ಪದವಿ ಓದುತ್ತಿದ್ದರೆ ‘ಸ್ವನಾಥ್’ ಯೋಜನೆ ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ. ಹೆತ್ತವರಿಬ್ಬರನ್ನೂ ಕಳೆದುಕೊಂಡಾಗ 18 ತುಂಬಿರದಿದ್ದರೆ ಪಿಎಂ ಕೇರ್ಸ್‌ನ ಮಕ್ಕಳ ಯೋಜನೆ ಇತ್ತು. ಇದಲ್ಲದೆ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಒಪ್ಪಿದ 50,000 ರೂಪಾಯಿ ಪರಿಹಾರ ಕುಟುಂಬದ ಹಕ್ಕಾಗಿತ್ತು. ಪಾಸಿಟಿವ್ ಬಂದ 30 ದಿನದೊಳಗೆ ತೀರಿಕೊಂಡಿದ್ದರೆ, ಆಸ್ಪತ್ರೆಯ ಹೊರಗೆ ಸತ್ತಿದ್ದರೂ, ಅದು ಸಿಗಬೇಕಿತ್ತು. ‘ಸತ್ತವರ ಹೆಸರಿನಲ್ಲಿ ದುಡ್ಡು ಬೇಡ’ ಎನ್ನುವ ಅಮ್ಮಂದಿರನ್ನು ಕಂಡಿದ್ದೇನೆ. ಆಗ ನನ್ನ ಮಾತು ಒಂದೇ, ಅರ್ಜಿ ಹಾಕಿ ಎಂದು; ಈಗ ಆ ಅರ್ಜಿಯ ಗಡುವು ಮುಗಿದಿದೆ.

ಎರಡನೆಯ ಹೆಜ್ಜೆ ಆದಾಯದ ಕಾಗದ. ತಹಶೀಲ್ದಾರರ ‘ಉತ್ಪನ್ನಾಚಾ ದಾಖಲಾ’ (ಆದಾಯ ಪ್ರಮಾಣಪತ್ರ) ಸರಕಾರಿ ಅರ್ಜಿ ಪಡೆಯುವ ಸೇತು ಕೇಂದ್ರದಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. ಆದರೆ ಅದು ಹೇಳುವುದು ಹಿಂದಿನ ಆರ್ಥಿಕ ವರ್ಷದ ಆದಾಯ. ನಿಮ್ಮ ಕಷ್ಟ ಈ ವರ್ಷದ್ದು. ಆ ಅಂತರ ತುಂಬಲು ಇನ್ನೊಂದು ಕಾಗದ ಜೊತೆಗಿಡಿ. ತಂದೆ ಹೋಟೆಲಿನಲ್ಲಿದ್ದರೆ ಧಣಿಗಳ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಸಾಕು: ಯಾವಾಗಿನಿಂದ ಕೆಲಸ, ಸಂಬಳ ಎಷ್ಟಿತ್ತು, ಕಷ್ಟ ಶುರುವಾದ ಮೇಲೆ ಏನಾಯಿತು, ಈಗ ಎಷ್ಟು. ಧಣಿಗಳು ಊರಿಗೆ ಹೋಗಿದ್ದರೆ ಸಹಿ ಹಾಕಿದ ಪತ್ರವನ್ನು ಅಂಚೆಯಲ್ಲಿ ತರಿಸಿ.

ಮನವಿ ಪತ್ರ ಒಂದೇ ಪುಟವಿರಲಿ. ಕಣ್ಣೀರಿನ ಮೂರು ಪುಟ ಬರೆದು ಕೊನೆಗೆ ‘ಆದಷ್ಟು ಸಹಾಯ ಮಾಡಬೇಕಾಗಿ ವಿನಂತಿ’ ಎಂದು ಮುಗಿಸುವುದು ನಮ್ಮವರ ಅಭ್ಯಾಸ. ಆದಷ್ಟು ಎಂದರೆ ಎಷ್ಟು? ಹೀಗೆ ಬರೆಯಿರಿ: ‘ತಂದೆ ಹೋಟೆಲಿನಲ್ಲಿ ಸಪ್ಲಾಯರ್, ತಿಂಗಳಿಗೆ 14,000 ಬರುತ್ತಿತ್ತು, ಈಗ 6,000. ನಾಲ್ಕನೇ ಸೆಮಿಸ್ಟರಿನ ಶುಲ್ಕ 18,500; ಅದರಲ್ಲಿ 7,000 ಕಟ್ಟಿದ್ದೇವೆ. ಉಳಿದ 11,500 ಈ ತಿಂಗಳ ಕೊನೆಯೊಳಗೆ ಕಟ್ಟಬೇಕು.’ ಕೊಡುವವರು ಹತ್ತಾರು ಅರ್ಜಿ ಓದುತ್ತಾರೆ. ಲೆಕ್ಕ ಮಾಡಿಟ್ಟ ಅರ್ಜಿಯ ಮೇಲೆ ಅವರ ಕೈ ಬೇಗ ಓಡುತ್ತದೆ. ಬೇರೆಡೆ ಅರ್ಜಿ ಹಾಕಿದ್ದರೆ ಅದನ್ನೂ ಹೇಳಿಬಿಡಿ. ಮುಂಬಯಿಯ ಸಂಘಗಳವರು ಒಬ್ಬರಿಗೊಬ್ಬರು ಫೋನ್ ಮಾಡದೆ ಇರುವುದಿಲ್ಲ.

ಈಗ ಬ್ಯಾಂಕು. ನಮ್ಮ ಮನೆಗಳಲ್ಲಿ ಖಾತೆ ಎಂದರೆ ಊರಿನಿಂದಲೇ ನಂಟಿದ್ದ ಬ್ಯಾಂಕುಗಳು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಹಣ ಯಾವ ಶಾಖೆಗೆ ಹೋಗಬೇಕೆಂದು ಹೇಳುವ ಹಳೆಯ ಐಎಫ್‌ಎಸ್‌ಸಿ ಕೋಡ್‌ಗಳು ಸ್ವಲ್ಪ ಕಾಲ ನಡೆದು ನಿಂತುಹೋದವು; ಸಿಂಡಿಕೇಟಿನವು 2021ರ ಜುಲೈ 1ರಿಂದ. ಅಮ್ಮ ಕಪಾಟಿನಿಂದ ತೆಗೆದುಕೊಟ್ಟ ಪಾಸ್‌ಬುಕ್ ನೋಡಿ ಕೋಡ್ ಬರೆದರೆ ಹಣ ಎಲ್ಲಿಗೂ ತಲುಪುವುದಿಲ್ಲ. ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ ತನ್ನಿ. ಗೂಗಲ್‌ನಲ್ಲಿ ಹುಡುಕಿ ಕೋಡ್ ಬರೆಯುವ ಚಾಳಿ ಬೇಡ, ಹಳೆಯ ಕೋಡ್ ಅಲ್ಲಿ ಇನ್ನೂ ಕಾಣುತ್ತದೆ.

ಆಮೇಲೆ ಆಧಾರ್. ‘ನನ್ನ ಖಾತೆಗೆ ಆಧಾರ್ ಲಿಂಕ್ ಆಗಿದೆ’ ಎಂದು ಎಲ್ಲರೂ ಹೇಳುತ್ತಾರೆ. ಖಾತೆ ತೆರೆಯುವಾಗ ಗುರುತಿಗೆಂದು ಕೊಟ್ಟ ಆಧಾರ್ ಬೇರೆ, ಸರಕಾರದ ಹಣ ಬರಲು ಆಗಬೇಕಾದ ಸೀಡಿಂಗ್ (ಆಧಾರನ್ನು ಒಂದು ಬ್ಯಾಂಕಿಗೆ ಜೋಡಿಸುವುದು) ಬೇರೆ. ದೇಶದ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆ ಇಟ್ಟುಕೊಂಡಿರುವ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಕೊನೆಗೆ ಸೀಡ್ ಆದದ್ದು. ಯಾವುದೋ ಮೇಳದಲ್ಲಿ ಮೊಬೈಲ್ ಅಂಗಡಿಯವನು ತೆರೆದುಕೊಟ್ಟ ಪೇಮೆಂಟ್ಸ್ ಬ್ಯಾಂಕ್ ಖಾತೆ ನಿಮಗೆ ಮರೆತಿರಬಹುದು, ಆ ಪಟ್ಟಿಗೆ ಮರೆತಿಲ್ಲ. ಹಣ ಅಲ್ಲಿಗೇ ಹೋಗುತ್ತದೆ. ಆಧಾರ್‌ಗೆ ಕೊಟ್ಟ ಮೊಬೈಲಿನಿಂದ *99*99*1# ಒತ್ತಿ ಆಧಾರ್ ಸಂಖ್ಯೆ ಹಾಕಿದರೆ ಯಾವ ಬ್ಯಾಂಕ್ ಎಂದು ತೋರಿಸುತ್ತದೆ. ತಪ್ಪಿದ್ದರೆ ಬೇಕಾದ ಬ್ಯಾಂಕಿನಲ್ಲಿ ಸೀಡಿಂಗ್ ಒಪ್ಪಿಗೆ ಪತ್ರ ಕೇಳಿ, ಹಿಂದಿನ ಬ್ಯಾಂಕಿನಿಂದ ಬದಲಿಸಿ ಎಂಬ ಕಡೆ ಗುರುತು ಹಾಕಿ. ಆ ಗುರುತು ಬಿಟ್ಟವರೇ ಎರಡನೇ ಸಲ ಬರುತ್ತಾರೆ. ಪತ್ರ ಕೊಟ್ಟದ್ದಕ್ಕೆ ಮೊಹರು ಹಾಕಿದ ಪ್ರತಿ ಪಡೆಯದೆ ಶಾಖೆ ಬಿಡಬೇಡಿ.

ಕಡಿಮೆ ದಾಖಲೆಯಲ್ಲಿ ತೆರೆದ ‘ಸಣ್ಣ ಖಾತೆ’ಯಲ್ಲಿ 50,000ಕ್ಕಿಂತ ಹೆಚ್ಚು ಉಳಿಕೆ ಇರುವಂತಿಲ್ಲ; ಸ್ವನಾಥ್‌ನಂಥ ಮೊತ್ತ ಬಂದರೆ ಅಲ್ಲೇ ಅಡ್ಡಿ. ಶಾಲೆಯಲ್ಲಿದ್ದಾಗ ಅಪ್ಪನ ಸಹಿಯಲ್ಲಿ ತೆರೆದ ಖಾತೆಯನ್ನು 18 ತುಂಬಿದ ಮೇಲೆ ನಿಮ್ಮ ಸಹಿಗೆ ಬದಲಿಸಿದ್ದೀರಾ? ಎರಡು ವರ್ಷ ವ್ಯವಹಾರವೇ ಇಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ. ನೂರು ರೂಪಾಯಿ ಕಟ್ಟಿ ತೆಗೆದು ನೋಡುವುದೇ ನನಗೆ ಗೊತ್ತಿರುವ ನಂಬಿಕೆಯ ಪರೀಕ್ಷೆ.

ಹೆಸರಿನದು ನಮ್ಮವರದೇ ವಿಶೇಷ ತೊಡಕು. ಇಲ್ಲಿನ ಅಂಕಪಟ್ಟಿಯಲ್ಲಿ ಕುಲನಾಮ ಮೊದಲು, ಆಮೇಲೆ ಹೆಸರು, ತಂದೆಯ ಹೆಸರು. ಆಧಾರ್‌ನಲ್ಲಿ ಊರಿನ ಇನಿಷಿಯಲ್. ತಂದೆಯ ಕುಲನಾಮ ಪೂಜಾರಿ, ಮಗಳದು ಸಾಲ್ಯಾನ್. ಸಂಘಗಳು ಚೆಕ್ ಕೊಡುವುದಾದರೆ ಪಾಸ್‌ಬುಕ್ಕಿನಲ್ಲಿರುವ ಅಕ್ಷರಗಳನ್ನೇ ಬರೆದುಕೊಡಿ, ಸಿಕ್ಕ ಕೂಡಲೇ ಬ್ಯಾಂಕಿಗೆ ಹಾಕಿ. ಚೆಕ್ಕಿನ ಆಯುಷ್ಯ ಮೂರು ತಿಂಗಳು.

ಅಪ್‌ಲೋಡ್ ಮಾಡುವುದು ಸುಲಭ. ಮೊಬೈಲ್ ಸ್ಕ್ಯಾನ್ ಸಾಕು, ಆದರೆ ಪುಟದ ಅಡಿಗೆ ತನ್ನ ಹೆಸರು ಒತ್ತುವ ಉಚಿತ ಆ್ಯಪ್‌ಗಳು ಬೇಡ. ಸೈಬರ್ ಕೆಫೆಯಲ್ಲಿ ಮಾಡಿಸಿದರೆ ಪಾಸ್‌ವರ್ಡ್ ನಿಮ್ಮ ಬಳಿಯೇ ಇರಲಿ, ಮೊಬೈಲ್ ಸಂಖ್ಯೆ ನಿಮ್ಮದೇ ಇರಲಿ.

‘ಸರಕಾರ ಎಲ್ಲ ವಿದ್ಯಾರ್ಥಿಗಳಿಗೆ 11,000 ಕೊಡುತ್ತಿದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಸುಳ್ಳೆಂದು ಕೇಂದ್ರದ ವಾರ್ತಾ ಸಂಸ್ಥೆ ಪಿಐಬಿಯೇ ಹೇಳಿತ್ತು, ಆದರೂ ತಿರುಗುತ್ತಲೇ ಇತ್ತು. ನೆರವು ಬರುವವರೆಗೆ ಎಂದು ಮೊಬೈಲ್ ಸಾಲದ ಆ್ಯಪ್‌ಗೆ ಕೈ ಹಾಕುವುದಂತೂ ಬೇಡವೇ ಬೇಡ. ರಿಸರ್ವ್ ಬ್ಯಾಂಕಿನ ಕಾರ್ಯಪಡೆ 2021ರ ನವೆಂಬರ್‌ನಲ್ಲಿ ಸುಮಾರು 1,100 ಆ್ಯಪ್‌ಗಳಲ್ಲಿ 600ರಷ್ಟು ಅಕ್ರಮ ಎಂದು ವರದಿ ಮಾಡಿದೆ. ಅದಕ್ಕಿಂತ ಶುಲ್ಕ ಕಟ್ಟಲು ಒಂದು ತಿಂಗಳ ಗಡುವು ಕೇಳಿ ಪ್ರಾಂಶುಪಾಲರಿಗೆ ಪತ್ರ ಕೊಡಿ, ಅರ್ಜಿಯ ರಸೀದಿ ಲಗತ್ತಿಸಿ.

ಮಂಜೂರಾಗಿದೆ ಎಂದು ತಿಳಿದು ಎರಡು ವಾರವಾದರೂ ಹಣ ಕಾಣದಿದ್ದರೆ ‘ಯಾವಾಗ ಬರುತ್ತದೆ’ ಎಂದು ಕೇಳುತ್ತ ಕೂರಬೇಡಿ, ಯುಟಿಆರ್ ಸಂಖ್ಯೆ (ಹಣ ಕಳುಹಿಸಿದ್ದಕ್ಕೆ ಬ್ಯಾಂಕು ಕೊಡುವ ಗುರುತು ಸಂಖ್ಯೆ) ಕೇಳಿ. ಆ ಸಂಖ್ಯೆ ಹಿಡಿದು ಹೋದರೆ ಹಣ ಎಲ್ಲಿ ನಿಂತಿದೆ ಎಂದು ಬ್ಯಾಂಕಿನವರು ಹುಡುಕಿ ಹೇಳಬಲ್ಲರು. ಹಣ ಬಂದು ಶುಲ್ಕ ಕಟ್ಟಿದ ದಿನವೇ ರಸೀದಿಯ ಪ್ರತಿಯನ್ನು ಕೊಟ್ಟವರಿಗೆ ಕಳುಹಿಸಿ. ಮುಂದಿನ ಸೆಮಿಸ್ಟರಿಗೆ ಮತ್ತೆ ಅವರ ಬಳಿಯೇ ಹೋಗಬೇಕಾಗಬಹುದು.