ಒಪ್ಪದವರನ್ನು ಒಪ್ಪಿಸುವ ಪ್ರಬಂಧ ಬರೆಯುವುದು ಹೇಗೆ?

‘ಇಂದಿನ ಆಧುನಿಕ ಯುಗದಲ್ಲಿ...’ ಅಂತ ಶುರುವಾಗುವ ಪ್ರಬಂಧ ಹೈಸ್ಕೂಲಿನಲ್ಲಿ ಓದುವ ಎಲ್ಲರ ನೋಟ್‌ಬುಕ್ಕಿನಲ್ಲೂ ಒಂದಾದರೂ ಇರುತ್ತದೆ. ಮೊಬೈಲ್ ಬಗ್ಗೆ ಬರೆದರೂ ಅದೇ ಸಾಲು, ಪರಿಸರದ ಬಗ್ಗೆ ಬರೆದರೂ ಅದೇ ಸಾಲು. ಆಮೇಲೆ ಅನುಕೂಲಗಳು, ಅನಾನುಕೂಲಗಳು, ಕೊನೆಗೆ ‘ಆದ್ದರಿಂದ ನಾವೆಲ್ಲರೂ...’ ಅಂತ ಉಪಸಂಹಾರ. ಮಾಹಿತಿ ಕೊಡುವ ಪ್ರಬಂಧಕ್ಕೆ ಇದು ಹೇಗೋ ನಡೆಯುತ್ತದೆ. ಆದರೆ ಒಂದು ವಿಷಯದಲ್ಲಿ ನಿಮ್ಮ ನಿಲುವು ಹೇಳಿ, ಓದುವವರನ್ನೂ ಅದಕ್ಕೆ ಒಪ್ಪಿಸಬೇಕು ಅಂದಾಗ ಇದು ಕೈಕೊಡುತ್ತದೆ. ಯಾಕೆಂದರೆ ಇಲ್ಲಿ ನೀವು ಬರೆಯುವುದು ನಿಮ್ಮ ಮಾತನ್ನು ಇನ್ನೂ ಒಪ್ಪದವರಿಗೆ. ಅವರು ಏನು ಹೇಳಿ ತಲೆ ಅಲ್ಲಾಡಿಸುತ್ತಾರೆ ಅನ್ನುವುದು ಗೊತ್ತಿಲ್ಲದೆ ಪೆನ್ನು ತೆಗೆಯಲೇಬಾರದು.

ಸುಮ್ನೆ ನಿಯಮ ಹೇಳುವುದಕ್ಕಿಂತ ಒಂದು ವಿಷಯ ಹಿಡಿದು ಮಾಡಿ ನೋಡೋಣ. ನಿಮ್ಮ ಬೆನ್ನ ಮೇಲೇ ಇರುವ ವಿಷಯ: ಶಾಲಾ ಬ್ಯಾಗಿನ ಭಾರ.

ಮೊದಲು ನಿಲುವು

‘ಶಾಲಾ ಬ್ಯಾಗಿನ ಭಾರ ಕಡಿಮೆಯಾಗಬೇಕು.’ ಇದು ನಿಲುವಲ್ಲ. ಬೇಡ ಅನ್ನುವವರು ಯಾರಿದ್ದಾರೆ? ಎಲ್ಲರೂ ಹೂಂ ಅನ್ನುವ ಮಾತಿಗೆ ಪ್ರಬಂಧ ಯಾಕೆ ಬೇಕು, ಅಲ್ವಾ? ಅದನ್ನೇ ಕಿರಿದು ಮಾಡಿ: ‘ನಮ್ಮ ಶಾಲೆಯಲ್ಲಿ ನೋಟ್‌ಬುಕ್‌ಗಳನ್ನು ತರಗತಿಯಲ್ಲೇ ಇಟ್ಟು ಹೋಗಲು ಪ್ರತಿ ಕೊಠಡಿಗೂ ಒಂದು ಕಪಾಟು ಕೊಡಬೇಕು.’ ಈಗ ವಾದಕ್ಕೆ ಜಾಗ ಸಿಕ್ಕಿತು. ಕಪಾಟಿಗೆ ದುಡ್ಡು ಎಲ್ಲಿಂದ ಅಂತ ಒಬ್ಬರು ಕೇಳುತ್ತಾರೆ. ಮನೆಗೆಲಸ ಹೇಗೆ ಮಾಡುತ್ತೀರಿ ಅಂತ ಇನ್ನೊಬ್ಬರು ಕೇಳುತ್ತಾರೆ. ಒಂದೇ ವಾಕ್ಯದಲ್ಲಿ ಹೇಳಬಹುದಾದ, ಯಾರಾದರೂ ‘ಬೇಡ’ ಅನ್ನಬಹುದಾದ ಮಾತು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಆ ವಾಕ್ಯವನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದಿಟ್ಟುಕೊಳ್ಳಿ.

ಓದುವವರು ಯಾರು?

ಕಪಾಟು ಕೊಡಿಸುವ ತೀರ್ಮಾನ ನಿಮ್ಮ ಗೆಳೆಯರ ಕೈಯಲ್ಲಿಲ್ಲ. ಅದು ಮುಖ್ಯೋಪಾಧ್ಯಾಯರದು, ಶಾಲಾಭಿವೃದ್ಧಿ ಸಮಿತಿಯದು. ಅವರ ಚಿಂತೆ ದುಡ್ಡು, ಜಾಗ, ಜವಾಬ್ದಾರಿ. ಪುಸ್ತಕ ಕಳೆದುಹೋದರೆ ಉತ್ತರ ಕೊಡುವವರು ಯಾರು ಅನ್ನುವುದು ಅವರ ಪ್ರಶ್ನೆ. ಅಪ್ಪ ಅಮ್ಮಂದಿರ ಚಿಂತೆ ಬೇರೆಯೇ: ನೋಟ್ಸ್ ಶಾಲೆಯಲ್ಲೇ ಉಳಿದರೆ ಮಗಳು ಸಂಜೆ ಏನು ಓದುತ್ತಾಳೆ? ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ನಿಮ್ಮ ಕಾರಣಗಳನ್ನು, ಬಲಕ್ಕೆ ಅವರ ಆಕ್ಷೇಪಗಳನ್ನು ಬರೆಯಿರಿ. ಚರ್ಚಾಸ್ಪರ್ಧೆಗೆ ತಯಾರಾದವರಿಗೆ ಇದು ಹೊಸದಲ್ಲ. ಆದರೆ ಅಲ್ಲಿ ಎದುರಾಳಿಯನ್ನು ಸೋಲಿಸುವುದು ಗುರಿ. ಇಲ್ಲಿ ಅವರನ್ನು ನಮ್ಮ ಕಡೆಗೆ ಕರೆದುಕೊಳ್ಳಬೇಕು, ಹಾಗಾಗಿ ದನಿ ಬೇರೆ ಇರಬೇಕು. ‘ಶಾಲೆಯವರಿಗೆ ಮಕ್ಕಳ ಕಾಳಜಿಯೇ ಇಲ್ಲ’ ಅಂತ ಬರೆದರೆ ಓದುವವರು ಅಲ್ಲೇ ಹಾಳೆ ಮಡಚಿಡುತ್ತಾರೆ.

ಸಾಕ್ಷಿ: ತಕ್ಕಡಿ ಹಿಡಿಯಿರಿ

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ನಮ್ಮ ಪ್ರಬಂಧಗಳು ಸೋಲುವುದು ಭಾಷೆಯಿಂದಲ್ಲ, ಸಾಕ್ಷಿ ಇಲ್ಲದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ‘ಮಕ್ಕಳು ಮಣಭಾರ ಹೊರುತ್ತಿದ್ದಾರೆ’ ಅಂದರೆ ಯಾರೂ ಕದಲುವುದಿಲ್ಲ. ಎಷ್ಟು ಭಾರ?

ಮನೆಯಲ್ಲಿ ತೂಕದ ಯಂತ್ರ ಇದ್ದರೆ ಬ್ಯಾಗ್ ಹಾಕಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ನಿಂತು, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಇಲ್ಲದಿದ್ದರೆ ಕಿರಾಣಿ ಅಂಗಡಿಯವರನ್ನು ಕೇಳಿದರೆ ತೂಗಿ ಕೊಡುತ್ತಾರೆ. ಒಂದು ದಿನ ಸಾಲದು. ಸೋಮವಾರದಿಂದ ಶನಿವಾರದವರೆಗೆ ತೂಗಿ, ಅಕ್ಕಪಕ್ಕದ ಬೆಂಚಿನವರದ್ದೂ ಬರೆದುಕೊಳ್ಳಿ. ಆಮೇಲೆ ಬ್ಯಾಗ್ ಬಿಚ್ಚಿ ಪಠ್ಯಪುಸ್ತಕ, ನೋಟ್‌ಬುಕ್, ಗೈಡ್, ಊಟದ ಡಬ್ಬಿ ಎಲ್ಲವನ್ನೂ ಬೇರೆ ಬೇರೆ ತೂಗಿ. ಒಂದು ಲೀಟರ್ ನೀರೇ ಒಂದು ಕೆ.ಜಿ. ಅನ್ನುವುದು ಆಗ ಹೊಳೆಯುತ್ತದೆ. ಭಾರ ಎಲ್ಲಿಂದ ಬರುತ್ತಿದೆ ಅಂತ ತಿಳಿಯದೆ ಕಪಾಟು ಕೇಳಿದರೆ, ‘ನೀರಿನ ಬಾಟಲಿಯೇ ಭಾರ, ಕುಡಿಯುವ ನೀರು ಶಾಲೆಯಲ್ಲೇ ಇದೆಯಲ್ಲ’ ಅಂತ ಒಂದೇ ಮಾತಿನಲ್ಲಿ ನಿಮ್ಮ ವಾದ ಮುಗಿಸಿಬಿಡುತ್ತಾರೆ.

ಈಗ ಆ ಅಂಕಿಯನ್ನು ಅಳತೆಗೆ ಹಚ್ಚಿ. ಕರ್ನಾಟಕ ಸರ್ಕಾರ 2019ರಲ್ಲಿ ತರಗತಿವಾರು ಮಿತಿ ಹೇಳಿದೆ: 1 ಮತ್ತು 2ನೇ ತರಗತಿಗೆ 1.5ರಿಂದ 2 ಕೆ.ಜಿ., 3ರಿಂದ 5ಕ್ಕೆ 2ರಿಂದ 3, 6ರಿಂದ 8ಕ್ಕೆ 3ರಿಂದ 4, 9 ಮತ್ತು 10ಕ್ಕೆ 4ರಿಂದ 5 ಕೆ.ಜಿ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಹೇಳುವುದು, ಬ್ಯಾಗ್ ಮಗುವಿನ ತೂಕದ ಶೇ 10ನ್ನು ಮೀರಬಾರದು ಅಂತ. ನಿಮ್ಮ ತೂಕ 40 ಕೆ.ಜಿ. ಇದ್ದರೆ ಬ್ಯಾಗ್ 4 ಕೆ.ಜಿ. ಒಳಗಿರಬೇಕು. ಸರ್ಕಾರದ ಅಂಕಿ ಒಂದು ಕಡೆ, ನೀವೇ ತೂಗಿದ ಅಂಕಿ ಇನ್ನೊಂದು ಕಡೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಬೇರೆ ವಿಶೇಷಣ ಬೇಕಾಗುವುದಿಲ್ಲ.

ಒಂದು ಎಚ್ಚರಿಕೆ. ‘ಬ್ಯಾಗ್ ಹೊತ್ತರೆ ಬೆನ್ನುಮೂಳೆ ಹಾಳಾಗುವುದು ಖಂಡಿತ’ ಅಂತ ಬರೆಯಬೇಡಿ. ನಿಮಗೆ ಗೊತ್ತಿರುವಷ್ಟೇ ಹೇಳಿ. ‘ಮೂರನೇ ಮಹಡಿ ಹತ್ತುವಷ್ಟರಲ್ಲಿ ನಮ್ಮ ತರಗತಿಯ ಹಲವರು ಎರಡು ಕಡೆ ನಿಂತು ಬ್ಯಾಗ್ ಕೆಳಗಿಡುತ್ತಾರೆ’ ಅನ್ನುವುದು ನೀವು ಕಂಡ ಸತ್ಯವಾಗಿದ್ದರೆ ಅದಕ್ಕೇ ಬೆಲೆ ಹೆಚ್ಚು.

ಕಣ್ಣಿಗೆ ಕಟ್ಟುವ ಒಂದು ಚಿತ್ರಕ್ಕೆ ಎಂಥ ಶಕ್ತಿ ಇದೆ ಅನ್ನುವುದಕ್ಕೆ ಇದೇ ವಿಷಯದಲ್ಲಿ ಒಂದು ಉದಾಹರಣೆ ಇದೆ. ಮೈಸೂರಿನಲ್ಲಿ ನೆಲೆಸಿದ್ದ ಲೇಖಕ ಆರ್.ಕೆ. ನಾರಾಯಣ್ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದರು. ಅಲ್ಲಿ 1989ರಲ್ಲಿ ಮಾಡಿದ ಮೊದಲ ಭಾಷಣಕ್ಕೆ ಅವರು ಆರಿಸಿಕೊಂಡ ವಿಷಯ ಮಕ್ಕಳ ಬ್ಯಾಗಿನ ಭಾರ. ಪುಸ್ತಕಗಳ ಹೊರೆಗೆ ಬಾಗಿ, ಕೈಗಳನ್ನು ಮುಂದಕ್ಕೆ ಇಳಿಬಿಟ್ಟು ನಡೆಯುವ ಮಕ್ಕಳು ಚಿಂಪಾಂಜಿಯ ಹಾಗೆ ಕಾಣುತ್ತಾರೆ ಅಂದರು. ಓದಿದವರ ತಲೆಯಲ್ಲಿ ಆ ಚಿತ್ರ ಇವತ್ತಿಗೂ ಉಳಿದಿದೆ. ಮುಂದೆ 1992ರಲ್ಲಿ ವಿಜ್ಞಾನಿ ಯಶಪಾಲ್ ಅವರ ನೇತೃತ್ವದಲ್ಲಿ ಕಲಿಕೆಯ ಹೊರೆಯ ಬಗ್ಗೆ ಸಮಿತಿ ಆಯಿತು, 1993ರಲ್ಲಿ ವರದಿಯೂ ಬಂತು. ನಿಮ್ಮ ಪ್ರಬಂಧಕ್ಕೂ ಅಂಥ ಒಂದು ಚಿತ್ರ ಹುಡುಕಿ. ಒಂದೇ ಸಾಕು.

ಎದುರು ಮಾತಿಗೆ ಉತ್ತರ

ಬಲಗಡೆ ಬರೆದ ಆಕ್ಷೇಪಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಆರಿಸಿ. ಸುಲಭದ್ದನ್ನಲ್ಲ. ಇಲ್ಲಿ ಗಟ್ಟಿಯಾದದ್ದು ಓದಿನ ಪ್ರಶ್ನೆ. ಮೊದಲು ಅವರ ಮಾತನ್ನು ನ್ಯಾಯವಾಗಿ ಹೇಳಿ, ಎಷ್ಟು ನಿಜವೋ ಅಷ್ಟನ್ನು ಒಪ್ಪಿ, ಆಮೇಲೆ ಉತ್ತರ ಕೊಡಿ. ಹೀಗೆ:

‘ನೋಟ್‌ಬುಕ್ ಶಾಲೆಯಲ್ಲೇ ಉಳಿದರೆ ಮಕ್ಕಳು ಮನೆಯಲ್ಲಿ ಓದುವುದಿಲ್ಲ ಎಂದು ಪೋಷಕರು ಚಿಂತಿಸುವುದು ಸಹಜ. ಪರೀಕ್ಷೆ ಹತ್ತಿರ ಬಂದಾಗ ಎಲ್ಲ ಪುಸ್ತಕಗಳೂ ಮನೆಯಲ್ಲಿರಬೇಕು, ನಿಜ. ಆದರೆ ಉಳಿದ ದಿನಗಳಲ್ಲಿ ಅಂದು ಮನೆಗೆಲಸ ಕೊಟ್ಟ ವಿಷಯಗಳ ನೋಟ್‌ಬುಕ್ ಮಾತ್ರ ಒಯ್ದರೆ ಸಾಕು. ಎಲ್ಲವನ್ನೂ ಹೊತ್ತು ತಂದರೂ ಒಂದು ಸಂಜೆಯಲ್ಲಿ ತೆರೆಯುವುದು ಎರಡೋ ಮೂರೋ.’

‘ನಿಜ’ ಅಂತ ಒಪ್ಪಿಕೊಂಡಿದ್ದರಿಂದ ವಾದ ಸಡಿಲವಾಗಲಿಲ್ಲ, ಓದುವವರಿಗೆ ನಂಬಿಕೆ ಬಂತು. ದುಡ್ಡಿನ ಪ್ರಶ್ನೆಗೂ ಹೀಗೇ ಯೋಚಿಸಿ. ಸ್ಟಾಫ್ ರೂಮಿನಲ್ಲಿ ಹಳೆಯ ಬೀರು ಖಾಲಿ ಬಿದ್ದಿದೆಯೇ, ಒಂದೇ ತರಗತಿಯಲ್ಲಿ ಒಂದು ತಿಂಗಳು ಮಾಡಿ ನೋಡಬಹುದೇ ಅಂತ ವಿಚಾರಿಸಿಕೊಂಡು ಬರೆಯಿರಿ.

ಬರೆಯಲು ಕೂತಾಗ

ಪೀಠಿಕೆ ಮೂರು ನಾಲ್ಕು ವಾಕ್ಯ ಮೀರದಿರಲಿ. ‘ವಿದ್ಯೆಯೇ ಸಂಪತ್ತು’ ಅಂತ ಶುರು ಮಾಡದೆ, ನೀವು ತೂಗಿದ ಅಂಕಿಯಿಂದಲೋ ಮೆಟ್ಟಿಲ ಮೇಲೆ ನಿಂತ ಹುಡುಗಿಯಿಂದಲೋ ಶುರು ಮಾಡಿ, ಕೊನೆಯ ವಾಕ್ಯದಲ್ಲಿ ನಿಲುವು ಹೇಳಿಬಿಡಿ. ವಿಷಯ ವಿವರಣೆಯಲ್ಲಿ ಒಂದು ಪ್ಯಾರಾಕ್ಕೆ ಒಂದೇ ಕಾರಣ: ಕಾರಣ ಹೇಳಿ, ಸಾಕ್ಷಿ ಕೊಡಿ, ಅದರಿಂದ ನಿಮ್ಮ ನಿಲುವಿಗೆ ಏನು ಸಿಕ್ಕಿತು ಅಂತ ಒಂದು ವಾಕ್ಯದಲ್ಲಿ ಜೋಡಿಸಿ. ಎರಡು ಮೂರು ಒಳ್ಳೆಯ ಕಾರಣ ಸಾಕು, ಏಳೆಂಟು ತುರುಕಿದರೆ ಯಾವುದೂ ನೆನಪಿರುವುದಿಲ್ಲ. ಎಲ್ಲಕ್ಕಿಂತ ಬಲವಾದ ಕಾರಣ ಕೊನೆಗಿರಲಿ. ಅದಕ್ಕೆ ಮೊದಲು ಆಕ್ಷೇಪದ ಪ್ಯಾರಾ ಬಂದರೆ ಓಟ ಸರಿಯಾಗಿರುತ್ತದೆ.

ಪರೀಕ್ಷೆಯ ಕೋಣೆಯಲ್ಲಿ ತೂಗಲು ತಕ್ಕಡಿ ಇರುವುದಿಲ್ಲ, ನಿಜ. ಅಲ್ಲೂ ಹಿಂದಿನ ಪುಟದಲ್ಲಿ ಐದು ನಿಮಿಷ ಆ ಎರಡು ಕಾಲಂ ಬರೆದುಕೊಂಡೇ ಶುರು ಮಾಡಿ. ಊರಲ್ಲಿ, ಬಸ್ಸಲ್ಲಿ, ಮನೆಯಲ್ಲಿ ಕಂಡದ್ದೇ ಸಾಕ್ಷಿಯಾಗುತ್ತದೆ. ನೆನಪಿಲ್ಲದ ಅಂಕಿಯನ್ನು ಮಾತ್ರ ಹುಟ್ಟಿಸಿ ಬರೆಯಬೇಡಿ.

ಉಪಸಂಹಾರದಲ್ಲಿ ಹೇಳಿದ್ದನ್ನೇ ತಿರುಗಿ ಹೇಳುವ ಬದಲು ಕೇಳಬೇಕಾದ್ದನ್ನು ಕೇಳಿ. ಯಾರು, ಏನನ್ನು, ಯಾವಾಗಿನಿಂದ ಮಾಡಬೇಕು? ‘ದಸರಾ ರಜೆ ಮುಗಿದ ಮೇಲೆ ಎಂಟನೇ ತರಗತಿಯಲ್ಲಿ ಒಂದು ತಿಂಗಳು ಕಪಾಟು ಇಟ್ಟು ನೋಡಿ, ತಿಂಗಳ ಕೊನೆಗೆ ಮತ್ತೆ ಬ್ಯಾಗ್ ತೂಗಿ’ ಅಂದರೆ ಮುಖ್ಯೋಪಾಧ್ಯಾಯರಿಗೆ ಹೂಂ ಅನ್ನುವುದು ಸುಲಭ.

ಬರೆದಾದ ಮೇಲೆ ನಿಮ್ಮ ಮಾತು ಒಪ್ಪದ ಒಬ್ಬರ ಮುಂದೆ ಗಟ್ಟಿಯಾಗಿ ಓದಿ. ಅಮ್ಮನೇ ಆಗಬಹುದು, ಪಕ್ಕದ ಬೆಂಚಿನವನೇ ಆಗಬಹುದು. ಅವರು ಎಲ್ಲಿ ತಡೆದು ‘ಅದು ಹೇಗೆ?’ ಅಂತ ಕೇಳಿದರೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಆ ಜಾಗಕ್ಕೆ ಒಂದು ಸಾಕ್ಷಿ ಹುಡುಕಿ ಸೇರಿಸಿ, ಸಿಗದಿದ್ದರೆ ಆ ವಾಕ್ಯವನ್ನು ತೆಗೆದುಹಾಕಿ ಶುದ್ಧಪ್ರತಿ ಮಾಡಿ.