ಹೊಸ ಕೃತಿಯನ್ನು ಒಂದೇ ಸಂಜೆ ಎರಡು ಸಲ ನುಡಿಸುವುದು: ನನ್ನ ಅನುಭವ

ನಾನು ನಿರ್ದೇಶಿಸುವ ಪಾಶ್ಚಾತ್ಯ ವಾದ್ಯವೃಂದದಲ್ಲಿ ಇಪ್ಪತ್ತು ನಿಮಿಷದೊಳಗಿನ ಸಮಕಾಲೀನ ಕೃತಿಯನ್ನು ವಿರಾಮಕ್ಕೆ ಮುಂಚೆ ಒಮ್ಮೆ, ವಿರಾಮ ಮುಗಿದ ಕೂಡಲೇ ಇನ್ನೊಮ್ಮೆ ನುಡಿಸುತ್ತೇನೆ. ಜನ ಅರ್ಧಕ್ಕೇ ಎದ್ದುಹೋಗುತ್ತಾರೆ ಎಂದು ಆಡಳಿತದವರು ಹೆದರಿಸಿದರು, ವಾದಕರಿಗೂ ನಂಬಿಕೆ ಇರಲಿಲ್ಲ. ಹೋದವರು ಬೆರಳೆಣಿಕೆಯಷ್ಟು. ಎರಡನೆಯ ಸಲದ ಚಪ್ಪಾಳೆ ಪ್ರತಿ ಬಾರಿಯೂ ಮೊದಲಿನದಕ್ಕಿಂತ ದೊಡ್ಡದು. ಉಪಾಯ ಹೊಸದಲ್ಲ. ಸಂಯೋಜಕ ಷೋನ್‌ಬರ್ಗ್ 1918ರಲ್ಲಿ ವಿಯೆನ್ನಾದಲ್ಲಿ ಕಟ್ಟಿದ ಖಾಸಗಿ ಸಂಗೀತ ಸಂಘದಲ್ಲಿ ಕೃತಿಗಳನ್ನು ಮತ್ತೆ ಮತ್ತೆ ನುಡಿಸುವುದೇ ಪದ್ಧತಿಯಾಗಿತ್ತು. 1961ರಲ್ಲಿ ಜರ್ಮನಿಯ ಡೊನಾವೆಶಿಂಗೆನ್‌ನ ಹೊಸ ಸಂಗೀತದ ಉತ್ಸವದಲ್ಲಿ ಹಾನ್ಸ್ ರೋಸ್‌ಬಾಡ್ ನಿರ್ದೇಶನದಲ್ಲಿ ಸಂಯೋಜಕ ಲಿಗೆಟಿಯ ‘ಆಟ್ಮಾಸ್ಫಿಯರ್ಸ್’ ಮೊದಲು ಕೇಳಿಬಂದಾಗ ಸಭಿಕರೇ ಅದನ್ನು ಇನ್ನೊಮ್ಮೆ ನುಡಿಸಿಸಿದರು.

ವೇದಿಕೆಯ ಲೆಕ್ಕದಲ್ಲೂ ಇದು ಲಾಭ. ತಾಳವಾದ್ಯಗಳು, ಪಿಯಾನೊ, ಸೆಲೆಸ್ಟಾ ಎಲ್ಲ ಮೊದಲಿನಿಂದಲೇ ಹಿಂದಿನ ಸಾಲಿನಲ್ಲಿ ನಿಂತಿರುತ್ತವೆ. ಆರಂಭದ ಚಿಕ್ಕ ಕೃತಿ ಮತ್ತು ಕೊನೆಯ ಪರಿಚಿತ ಸಿಂಫನಿ ಅದೇ ಆಸನ ವ್ಯವಸ್ಥೆಗೆ ಹೊಂದುವಂತಿರಬೇಕು. ಇಲ್ಲದಿದ್ದರೆ ಕುರ್ಚಿ ಸರಿಸಲು ಹತ್ತು ಹದಿನೈದು ನಿಮಿಷ ಹೋಗುತ್ತದೆ, ಸಭೆಯ ಗಮನವೂ ಅದರ ಜೊತೆ ಹೋಗುತ್ತದೆ.

ಹಣ ಸೋರುವ ಜಾಗಗಳು ಮೂರು: ಹೆಚ್ಚುವರಿ ವಾದಕರು, ತಾಳವಾದ್ಯಗಳ ಬಾಡಿಗೆ, ತಾಲೀಮಿನ ಓವರ್‌ಟೈಮ್. ಎರಡನೆಯ ಸಲ ನುಡಿಸಿದ್ದಕ್ಕೆ ಇವು ಯಾವುವೂ ಏರುವುದಿಲ್ಲ. ಆದರೆ ಪ್ರಕಾಶಕರಿಂದ ಪಾರ್ಟ್‌ಗಳನ್ನು (ಒಂದೊಂದು ವಾದ್ಯದ ಸ್ವರಪ್ರತಿಗಳನ್ನು) ಬಾಡಿಗೆಗೆ ತರುವಾಗಲೇ ‘ಒಂದೇ ಕಛೇರಿ, ಎರಡು ವಾದನ’ ಎಂದು ಬರೆಸಿಕೊಳ್ಳಬೇಕು, ಆಮೇಲೆ ಕೇಳಿದರೆ ಚೌಕಾಶಿಗೆ ಜಾಗವಿರದು. ಹೊಸದಾಗಿ ಬರೆಸುವುದಾದರೆ ಮೂರು ವಾದ್ಯವೃಂದಗಳು ಸೇರಿ ಸಂಭಾವನೆ ಹಂಚಿಕೊಳ್ಳುವುದೇ ಮೇಲು. ಮೊದಲ ಪ್ರದರ್ಶನದ ಹಕ್ಕನ್ನು ನಾನು ಸಂತೋಷದಿಂದ ಬೇರೆಯವರಿಗೆ ಬಿಡುತ್ತೇನೆ. ತಿದ್ದುಪಡಿಯಾದ ಪಾರ್ಟ್‌ಗಳು ನನ್ನ ಕೈಗೆ ಬರುತ್ತವಲ್ಲ!

ತಾಲೀಮು ಕೆಡುವುದು ಕೃತಿ ಕಷ್ಟವೆಂದಲ್ಲ, ಕಾಗದದಲ್ಲಿ ತಪ್ಪಿರುತ್ತದೆಂದು. ಸ್ಕೋರ್ (ಎಲ್ಲ ವಾದ್ಯಗಳೂ ಒಟ್ಟಿಗಿರುವ ನಿರ್ದೇಶಕರ ಪ್ರತಿ) ನಿಜಶ್ರುತಿಯಲ್ಲಿದ್ದು, ಅಂದರೆ ಕೇಳಿಸುವ ಸ್ವರವನ್ನೇ ಬರೆದಿದ್ದು, ಹಾರ್ನ್, ಕ್ಲಾರಿನೆಟ್‌ಗಳ ಪಾರ್ಟ್ ಸ್ಥಾನಾಂತರಗೊಂಡು ಬೇರೆ ಸ್ವರದಲ್ಲಿ ಬರೆದಿದ್ದರೆ, ‘ನೀವು ಹೇಳಿದ ಸ್ವರ ಯಾವುದು, ಬರೆದಿದ್ದೋ ಕೇಳಿಸುವುದೋ’ ಎಂಬ ಒಂದು ಪ್ರಶ್ನೆಗೆ ಎಪ್ಪತ್ತು ಜನರ ಒಂದು ನಿಮಿಷ ಹೋಗುತ್ತದೆ. ಎರಡು ತಿಂಗಳು ಮುಂಚೆಯೇ ಪಾರ್ಟ್ ತರಿಸಿ ಬಾರ್ (ತಾಳದ ಒಂದು ಆವರ್ತ) ಸಂಖ್ಯೆ, ಮ್ಯೂಟ್ (ನಾದ ತಗ್ಗಿಸುವ ಸಾಧನ) ಹಾಕುವ-ತೆಗೆಯುವ ಸೂಚನೆ, ಪುಟ ತಿರುವುವ ಜಾಗ, ದೀರ್ಘ ಮೌನದ ನಂತರ ಮತ್ತೆ ಸೇರುವ ಗುರುತಿಗೆ ಪಕ್ಕದ ವಾದ್ಯದ ಕ್ಯೂ, ಇಷ್ಟನ್ನು ಸ್ಕೋರ್ ಜೊತೆ ತಾಳೆ ನೋಡುತ್ತೇನೆ. ತಾಳವಾದ್ಯಕ್ಕೆ ನಕ್ಷೆಯೇ ಬೇಕು. ಇಬ್ಬರು ಹಂಚಿಕೊಳ್ಳುವ ಟಾಮ್-ಟಾಮ್ ಒಬ್ಬರಿಂದ ಮೂರು ಮೀಟರ್ ದೂರವಿದ್ದು, ವೈಬ್ರಫೋನ್ ಬಿಟ್ಟು ಅಲ್ಲಿಗೆ ತಲುಪಲು ಎರಡೇ ಬೀಟ್ ಇದ್ದರೆ ಎಂಥ ವಾದಕರಿಗೂ ಆಗದು. ಎರಡನೆಯ ಟಾಮ್-ಟಾಮ್‌ನ ಬಾಡಿಗೆ ಅರ್ಧ ಗಂಟೆಯ ಓವರ್‌ಟೈಮ್‌ಗಿಂತ ಅಗ್ಗ. ಓಬೋದ ಮಲ್ಟಿಫೋನಿಕ್‌ಗಳಿಗೆ (ಒಂದೇ ಊದಿಗೆ ಹಲವು ಸ್ವರ) ಸ್ಕೋರ್‌ನಲ್ಲಿರುವ ಬೆರಳಿನ ಚಿತ್ರವನ್ನು ನಂಬಬೇಡಿ. ವಾದ್ಯದ ತಯಾರಿಕೆ, ರೀಡ್ ಬದಲಾದಂತೆ ಸ್ವರವೂ ಬದಲಾಗುತ್ತದೆ. ವಾದಕರಿಂದಲೇ ಮೊದಲೇ ಪರ್ಯಾಯ ಕೇಳಿಕೊಳ್ಳಿ.

ನಾಲ್ಕು ತಾಲೀಮು, ಒಟ್ಟು ಸುಮಾರು ಹತ್ತು ಗಂಟೆ. ಅದರಲ್ಲಿ ಹೊಸ ಕೃತಿಗೆ ಐದೂವರೆ. ಮೊದಲ ದಿನ ಪೂರ್ತಿ ಓಡಿಸುವುದಿಲ್ಲ. ಓಡಿಸಿದರೆ ಎಲ್ಲರೂ ಗದ್ದಲವನ್ನಷ್ಟೇ ಕೇಳಿಸಿಕೊಂಡು ಮನೆಗೆ ಹೋಗುತ್ತಾರೆ, ಮಾರನೆಯ ದಿನ ಅದೇ ಗದ್ದಲವನ್ನು ಸಿದ್ಧಮಾಡಿಕೊಂಡು ಬರುತ್ತಾರೆ. ಆಯ್ದ ಕೆಲವು ಬಾರ್‌ಗಳಿಂದ ಶುರುಮಾಡುತ್ತೇನೆ. ಆಯ್ಕೆಯ ಲೆಕ್ಕ ನನ್ನಲ್ಲೇ ಇರಲಿ.

ಲಯ ಬದಲಾಗುವ ಕಡೆ ಮಾತು ಕಡಿಮೆ, ಅಂಕಿ ಹೆಚ್ಚು. ಕ್ವಾರ್ಟರ್ 60ರಲ್ಲಿ, ಅಂದರೆ ನಿಮಿಷಕ್ಕೆ 60 ಬೀಟ್ ವೇಗದಲ್ಲಿ, ಬೀಟಿಗೆ ಐದು ಸ್ವರಗಳ ಗುಂಪು ನಡೆಯುತ್ತಿದ್ದು, ಅದೇ ವೇಗದ ನಾಲ್ಕು ಸ್ವರ ಮುಂದಿನ ಬಾರ್‌ನ ಒಂದು ಬೀಟ್ ಆದರೆ ಹೊಸ ವೇಗ 75. ಐದನ್ನು ಹಿಡಿದವರನ್ನು ಬದಲಾವಣೆಗೆ ಎರಡು ಬಾರ್ ಮುಂಚಿನಿಂದಲೇ ಎಲ್ಲರೂ ಕೇಳಿಸಿಕೊಳ್ಳುವಂತೆ ಮಾಡುತ್ತೇನೆ, ನನ್ನ ಕೈ ಅವರನ್ನು ಹಿಂಬಾಲಿಸುತ್ತದೆ. 7/16, 5/16 (ಬಾರ್‌ಗೆ ಏಳು ಅಥವಾ ಐದು ಕಿರುಸ್ವರ) ಬರುವ ಕಡೆ ಎರಡರ ಗುಂಪಿಗೆ ಗೆರೆ, ಮೂರರ ಗುಂಪಿಗೆ ತ್ರಿಕೋನ. ಇಡೀ ವೃಂದದ ಪಾರ್ಟ್‌ಗಳಲ್ಲಿ ಒಂದೇ ಗುರುತು. ಲಿಗೆಟಿಯ ‘ಆಟ್ಮಾಸ್ಫಿಯರ್ಸ್’ನಲ್ಲಿ ಇದು ತಿರುವುಮುರುವು: ಅಲ್ಲಿ ಬಾರ್ ಗೆರೆ ಹೊಂದಾಣಿಕೆಗೆ ಮಾತ್ರ, ಬೀಟ್ ಕೇಳಿಸಲೇಬಾರದು. ಕೈ ಮೊನಚಾದರೆ ಐವತ್ತಾರು ತಂತಿವಾದ್ಯಗಳೂ ಒಟ್ಟಿಗೆ ಒತ್ತು ಕೊಟ್ಟು ಮಂಜಿನಂಥ ನಾದ ಒಡೆಯುತ್ತದೆ.

ಫ್ರೆಂಚ್ ಸಂಯೋಜಕ-ನಿರ್ದೇಶಕ ಬೂಲೆಜ್ ಕೈಯಲ್ಲಿ ಬೆತ್ತ (ಬೇಟನ್) ಇಲ್ಲದೆ ನಿರ್ದೇಶಿಸುತ್ತಿದ್ದರು. ನಾನೂ ಎರಡೂ ರೀತಿ ಪರೀಕ್ಷಿಸಿದೆ. ಹದಿನೈದು ಜನರ ಗುಂಪಿಗೆ ಬರಿಗೈ ಸ್ಪಷ್ಟ, ಎಪ್ಪತ್ತು ದಾಟಿದರೆ ಹಿಂದಿನ ತಾಳವಾದ್ಯದವರಿಗೆ ಬೆತ್ತವೇ ಬೇಕು. ಕಿವಿಗೆ ಕ್ಲಿಕ್ (ಇಯರ್‌ಫೋನಿನಲ್ಲಿ ಬೀಟ್ ಎಣಿಸುವ ಟಿಕ್ ಸದ್ದು) ಹಾಕಿಯೂ ನೋಡಿದೆ. ರೆಕಾರ್ಡಿಂಗ್ ಜೊತೆ ನುಡಿಸುವ ಕೃತಿ ಬಿಟ್ಟು ಉಳಿದಕ್ಕೆ ಬೇಡ. ಒಬ್ಬರನ್ನೊಬ್ಬರು ಕೇಳುವುದು ನಿಂತುಹೋಗುತ್ತದೆ.

ಎರಡು ವಾದನಗಳ ನಡುವೆ ಮೂರು ನಿಮಿಷಕ್ಕಿಂತ ಹೆಚ್ಚು ಮಾತಾಡುವುದಿಲ್ಲ. ಸಂಯೋಜಕರ ಜೀವನಚರಿತ್ರೆ ಬೇಡ. ಕೃತಿಯೊಳಗಿನ ಮೂರು ತುಣುಕು ನುಡಿಸಿ ತೋರಿಸುತ್ತೇವೆ. ಯಾವ ಮೂರು ಎಂಬುದರಲ್ಲೇ ಎಲ್ಲ ಅಡಗಿದೆ, ಅದನ್ನೂ ಇಲ್ಲಿ ಬಿಚ್ಚಿಡಲಾರೆ.

ಮುಂದಿನ ಋತುವಿನಲ್ಲಿ ಅದೇ ಕೃತಿಯನ್ನು ಮರಳಿ ತಂದಾಗ ತಾಲೀಮು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಬಿಲ್ಲಿನ ಗುರುತು, ಉಸಿರಿನ ಜಾಗ, ತಾಳವಾದ್ಯದ ನಕ್ಷೆ ಕೈಯಲ್ಲಿದ್ದರೆ ಮಾತ್ರ. ಬಾಡಿಗೆ ಪಾರ್ಟ್‌ಗಳು ಹಿಂತಿರುಗಿದ ಮೇಲೆ ಪೆನ್ಸಿಲ್ ಗುರುತುಗಳು ಅಳಿಸಿಹೋಗುತ್ತವೆ. ಹಾಗಾಗಿ ಕಛೇರಿಯ ಮರುದಿನವೇ ಎಲ್ಲವನ್ನೂ ಬಾರ್ ಸಂಖ್ಯೆ ಸಮೇತ ಪಟ್ಟಿ ಮಾಡಿಸಿ, ಮುದ್ರಣದೋಷಗಳ ಪ್ರತಿಯನ್ನು ಸಂಯೋಜಕರಿಗೂ ಪ್ರಕಾಶಕರಿಗೂ ಕಳಿಸುತ್ತೇನೆ.